ಬಿಚ್ಚಿ ನೋಡುವವರಿದ್ದಾರೆ, ಎಚ್ಚರಿಕೆ!

ವಯಸ್ಸು ಹದಿನಾರೋ ಹದಿನೇಳೋ. ಕೋಣೆಯ ತುಂಬ ವೈರು. ಮೇಜಿನ ಮೇಲೆ ಹೊಟ್ಟೆ ಬಗೆದ ಲ್ಯಾಪ್‌ಟಾಪು, ಪಕ್ಕದಲ್ಲಿ ಬಾಟಲಿ ಮುಚ್ಚಳದೊಳಗೆ ಎಣಿಸಿಟ್ಟ ಸ್ಕ್ರೂಗಳು, ಬಾಯಲ್ಲಿ ಕಚ್ಚಿ ಹಿಡಿದ ಟಾರ್ಚು. ಇಂಥವನೊಬ್ಬ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಇವತ್ತು ಫ್ಯಾನಿನ ಧೂಳು ತೆಗೆದವನು ನಾಳೆ ಪ್ರೊಸೆಸರಿನ ಬಿಸಿ ಹೊರಸಾಗಿಸುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಕೆರೆದು ಹೊಸದು ಹಚ್ಚುತ್ತಾನೆ. ನಾಡಿದ್ದು ಬ್ಯಾಟರಿ ಬದಲಿಸುತ್ತಾನೆ. ಬ್ಯಾಟರಿ ಬದಲಿಸಿದವನು ಹೊಸ ಲ್ಯಾಪ್‌ಟಾಪ್ ಕೊಳ್ಳುವುದಿಲ್ಲ. ಎಲ್ಲರೂ ಹೀಗೇ ಶುರುಹಚ್ಚಿಕೊಂಡರೆ ತಯಾರಕರ ಗತಿಯೇನು? ಅವರಿಗೂ ಹೆಂಡತಿ, ಮಕ್ಕಳು, ಷೇರುದಾರರು ಇದ್ದಾರೆ.

ಈ ಹುಡುಗರ ತಲೆಗೆ ಒಂದು ಸರಳ ಸಂಗತಿ ಹತ್ತುವುದೇ ಇಲ್ಲ. ದುಡ್ಡು ಕೊಟ್ಟು, ಬಿಲ್ ಪಡೆದು, ಡಬ್ಬ ಹೊತ್ತು ತಂದ ಮಾತ್ರಕ್ಕೆ ವಸ್ತು ನಿಮ್ಮದಾಗುವುದಿಲ್ಲ. ಚಾರ್ಜ್ ಮಾಡುವ ಕೆಲಸ ನಿಮ್ಮದು, ಒರೆಸಿಡುವ ಕೆಲಸ ನಿಮ್ಮದು, ಕೈಜಾರಿ ಬಿದ್ದರೆ ಅಳುವ ಹಕ್ಕೂ ಸಂಪೂರ್ಣವಾಗಿ ನಿಮ್ಮದೇ. ಒಳಗೇನಿದೆ ಎಂದು ಇಣುಕುವುದು ಮಾತ್ರ ಅಧಿಕಪ್ರಸಂಗ. ಪುಟಗಟ್ಟಲೆ ಷರತ್ತುಗಳನ್ನು ಓದದೆ ‘ಒಪ್ಪಿದ್ದೇನೆ’ ಒತ್ತಿದಿರಲ್ಲ, ಎಲ್ಲ ಅಲ್ಲೇ ಬರೆದಿತ್ತು. ಓದಿದ್ದರೂ ಒತ್ತಲೇಬೇಕಿತ್ತು, ಆ ಮಾತು ಬಿಡಿ.

ಇಂಥವರನ್ನು ಹೊರಗಿಡಲು ಕಂಪನಿಗಳು ಪಟ್ಟ ಪಾಡು ಕಡಿಮೆಯಲ್ಲ. ಆ್ಯಪಲ್ 2009ರಲ್ಲಿ ಮ್ಯಾಕ್‌ಬುಕ್ ಪ್ರೋದ ಬ್ಯಾಟರಿಗೆ ಐದು ದಳದ ಹೊಸ ತಲೆಯ ಸ್ಕ್ರೂ ಹಾಕಿತು; ಮುಂದೆ ಅದೇ ಸ್ಕ್ರೂ ಐಫೋನ್ 4ರ ಬುಡಕ್ಕೂ ಬಂತು. ನೋಡಲು ಪುಟಾಣಿ ಹೂವು, ಯಾವ ಮನೆಯ ಸ್ಕ್ರೂಡ್ರೈವರಿಗೂ ಜಗ್ಗದು. ಆದರೆ ಐಫಿಕ್ಸಿಟ್ ಎಂಬ ಸಂಸ್ಥೆಯವರು ಅದಕ್ಕೂ ಒಂದು ಸ್ಕ್ರೂಡ್ರೈವರ್ ಮಾಡಿ ಮಾರಿಯೇಬಿಟ್ಟರು. ಸ್ಕ್ರೂ ಸೋತ ಮೇಲೆ ಬೀಗ ಸಾಫ್ಟ್‌ವೇರಿಗೆ ಬಡ್ತಿ ಪಡೆಯಿತು. 2021ರ ಐಫೋನ್ 13ರಲ್ಲಿ ಹೊರಗಿನವರು ಪರದೆ ಬದಲಿಸಿದರೆ, ಅದು ಇನ್ನೊಂದು ಐಫೋನಿನಿಂದಲೇ ಕಳಚಿದ ಅಸಲಿ ಪರದೆಯಾಗಿದ್ದರೂ, ಮುಖ ನೋಡಿ ಬಾಗಿಲು ತೆರೆಯುವ ವ್ಯವಸ್ಥೆ ಕೈಕೊಡುತ್ತಿತ್ತು. ಪರದೆ ಬದಲಾದದ್ದು ಫೋನಿಗೆ, ಗುರುತು ಸಿಗದೆ ಹೋದದ್ದು ಮಾಲೀಕನಿಗೆ! ಗದ್ದಲವೆದ್ದ ಮೇಲೆ ಒಂದು ಅಪ್‌ಡೇಟಿನಲ್ಲಿ ಅದು ಸರಿಹೋಯಿತು. ಸರಿಹೋಗಬಾರದಿತ್ತು ಎಂಬುದು ನನ್ನ ಅಭಿಪ್ರಾಯ. ಇಷ್ಟು ಸುಲಭವಾಗಿ ಸರಿಯಾದರೆ ಜನ ಏನೆಂದುಕೊಂಡಾರು?

‘ಈ ಸ್ಟಿಕ್ಕರ್ ಕಿತ್ತರೆ ವಾರಂಟಿ ಇಲ್ಲ’ ಎಂಬ ಬರಹವನ್ನೂ ಇವರು ನಂಬುವುದಿಲ್ಲ. ಹೇರ್ ಡ್ರೈಯರಿನಿಂದ ಬಿಸಿಗಾಳಿ ಬಿಟ್ಟು, ಚೂರೂ ಹರಿಯದಂತೆ ಎಬ್ಬಿಸಿ, ಕೆಲಸ ಮುಗಿಸಿ ಮತ್ತೆ ಅಂಟಿಸುತ್ತಾರೆ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲಿ ಆರು ಕಂಪನಿಗಳಿಗೆ ಇಂಥ ಷರತ್ತುಗಳ ವಿಷಯವಾಗಿ ಎಚ್ಚರಿಕೆಯ ಪತ್ರ ಬರೆಯಿತು. ಸರ್ಕಾರವೇ ಹುಡುಗರ ಪಕ್ಷ ವಹಿಸಿದರೆ ಪಾಪದ ಸ್ಟಿಕ್ಕರು ಯಾರನ್ನು ನಂಬಿ ಅಂಟಿಕೊಂಡಿರಬೇಕು?

ಪ್ರಿಂಟರಿನ ವಿಷಯಕ್ಕೆ ಬರೋಣ, ಏಕೆಂದರೆ ಶಿಸ್ತು ಪರಿಪೂರ್ಣತೆ ಮುಟ್ಟಿರುವುದು ಅಲ್ಲಿ. ಕಪ್ಪಕ್ಷರದ ಒಂದು ಪುಟ ಬೇಕು. ಹಳದಿ ಶಾಯಿ ಮುಗಿದಿದೆ, ಆಗದು ಎನ್ನುತ್ತದೆ ಯಂತ್ರ. ಹೋಗಲಿ, ಇದೊಂದು ಕಾಗದ ಸ್ಕ್ಯಾನ್ ಮಾಡಿಕೊಡು ಎಂದರೆ ಕೆಲವು ಮಾದರಿಗಳು ಅದಕ್ಕೂ ಶಾಯಿ ಕೇಳುತ್ತವೆ. ನೋಡುವುದಕ್ಕೆ ಶಾಯಿ ಏಕೆ ಎಂದು ಹುಡುಗ ಕೇಳುತ್ತಾನೆ. ಮರ್ಯಾದೆ ಗೊತ್ತಿದ್ದವರು ಕೇಳುವ ಪ್ರಶ್ನೆಯೇ ಅದು? ಇನ್ನು ಬೇರೆಯವರ ಕಾರ್ಟ್ರಿಜ್ ತಂದು ಹಾಕಿದರೆ, ಅದರ ತುಂಬ ಶಾಯಿಯಿದ್ದರೂ ಮೂಲೆಯ ಸಾಸಿವೆಯಷ್ಟು ಎಲೆಕ್ಟ್ರಾನಿಕ್ ಚಿಪ್ಪು ತಲೆಯಾಡಿಸುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಎಚ್‌ಪಿ ಪ್ರಿಂಟರುಗಳು 2016ರ ಸೆಪ್ಟೆಂಬರಿನಲ್ಲಿ, ಆವರೆಗೆ ಚೆನ್ನಾಗಿಯೇ ನಡೆದಿದ್ದ ಹೊರಗಿನ ಕಾರ್ಟ್ರಿಜ್‌ಗಳನ್ನು ಏಕಾಏಕಿ ತಿರಸ್ಕರಿಸಿದವು. ಜನ ಬೊಬ್ಬೆ ಹಾಕಿದ ಮೇಲೆ ಕಂಪನಿ ಕ್ಷಮೆ ಕೇಳಿತು. ಹಾಗೆಲ್ಲ ಕ್ಷಮೆ ಕೇಳಿ ಜನರ ಅಭ್ಯಾಸ ಕೆಡಿಸಬಾರದು.

ಆದರೂ ನನ್ನಂಥ ಕಟ್ಟಾ ಬೆಂಬಲಿಗನನ್ನೇ ಪೇಚಿಗೆ ಸಿಲುಕಿಸಿದ್ದು 2022ರ ಜನವರಿ. ಜಗತ್ತಿನಲ್ಲೆಲ್ಲ ಚಿಪ್ ಕೊರತೆ. ಕ್ಯಾನನ್‌ನ ಕಚೇರಿ ಪ್ರಿಂಟರುಗಳ ಶಾಯಿಪುಡಿಯ ಡಬ್ಬಿಗೆ, ಅಂದರೆ ಟೋನರಿಗೆ, ಹಾಕಲು ಚಿಪ್ಪೇ ಸಿಗಲಿಲ್ಲ. ಚಿಪ್ಪಿಲ್ಲದ ಅಸಲಿ ಟೋನರು ಮಾರುಕಟ್ಟೆಗೆ ಬಂತು, ಅದೇ ಕಂಪನಿಯ ಪ್ರಿಂಟರು ಅದನ್ನು ಗುರುತಿಸಲಾರದೆ ಎಚ್ಚರಿಕೆ ತೋರಿಸಿತು. ಆಗ ಜರ್ಮನಿಯ ಗ್ರಾಹಕರಿಗೆ ಕ್ಯಾನನ್ ತಾನೇ ಹೇಳಿಕೊಟ್ಟಿತು: ಎಚ್ಚರಿಕೆ ಬಂದರೆ ಈ ಗುಂಡಿ ಒತ್ತಿ ಮುಂದುವರಿಯಿರಿ, ಮುದ್ರಣದ ಗುಣಮಟ್ಟಕ್ಕೆ ಏನೂ ತೊಂದರೆಯಿಲ್ಲ. ಹುಡುಗ ಮಾಡಿದರೆ ಕಿತಾಪತಿ, ಕಂಪನಿ ಹೇಳಿಕೊಟ್ಟರೆ ಗ್ರಾಹಕ ಸೇವೆ. ಈ ವ್ಯತ್ಯಾಸ ಅವನಿಗೆ ಅರ್ಥಮಾಡಿಸಲು ಹೋದೆ. ಅವನು ನಕ್ಕು ಮತ್ತೆ ಟಾರ್ಚು ಕಚ್ಚಿಕೊಂಡ.

ಅಸಲಿಗೆ ಇಂಥ ಹುಡುಗರು ಕೆಡುವುದೇ ಪ್ರಿಂಟರಿನಿಂದ. 1980ರ ಸುಮಾರಿಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬ ಯುವಕನಿದ್ದ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಕಾಯುತ್ತಿರುವವರಿಗೆಲ್ಲ ಸುದ್ದಿ ಮುಟ್ಟಲಿ ಎಂದು ಹಳೆಯ ಪ್ರಿಂಟರಿನ ಪ್ರೋಗ್ರಾಮನ್ನು ತಿದ್ದಿಟ್ಟಿದ್ದ. ಆಮೇಲೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂತು. ಅದರ ಪ್ರೋಗ್ರಾಮಿನ ಮೂಲ ಬರಹ, ಅಂದರೆ ಸೋರ್ಸ್ ಕೋಡ್, ಕೇಳಿದರೆ ಕೊಡಲಿಲ್ಲ. 1983ರಲ್ಲಿ ಆತ, ಯಾರು ಬೇಕಾದರೂ ಬಿಚ್ಚಿ ತಿದ್ದಿಕೊಳ್ಳಬಹುದಾದ ಆಪರೇಟಿಂಗ್ ಸಿಸ್ಟಮ್ ಕಟ್ಟುವ ಗ್ನೂ ಯೋಜನೆ ಘೋಷಿಸಿದ. ಮುಂದೆ ಲಿನಕ್ಸ್ ಎಂಬ ಕರ್ನಲ್, ಅಂದರೆ ತಿರುಳು, ಅದರ ಜೊತೆ ಸೇರಿ ಇವತ್ತು ಅರ್ಧ ಜಗತ್ತಿನ ಸರ್ವರುಗಳನ್ನು ಹೊತ್ತು ನಿಂತಿದೆ. ಅಂದು ಆ ಕೋಡ್ ಕೊಟ್ಟು ಕೈತೊಳೆದುಕೊಂಡಿದ್ದರೆ ಇಷ್ಟೆಲ್ಲ ರಾದ್ಧಾಂತವೇ ಇರುತ್ತಿರಲಿಲ್ಲವೇನೋ.

ಆ ಲಿನಕ್ಸೇ ಈಗ ಹೊಸ ತಲೆನೋವು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ ಮುಗಿಸಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಅವಿಲ್ಲದ ಎಷ್ಟೋ ಲ್ಯಾಪ್‌ಟಾಪುಗಳು ಪರದೆ ಬೆಳಗುತ್ತಿದ್ದರೂ, ಕೀಲಿಗಳು ಓಡುತ್ತಿದ್ದರೂ, ಕಾಗದದ ಮೇಲೆ ತೀರಿಕೊಂಡವು. ಸಭ್ಯ ಗ್ರಾಹಕ ಇಂಥ ಹೊತ್ತಿನಲ್ಲಿ ಹೊಸದಕ್ಕೆ ಕಂತು ಕಟ್ಟಲು ಹೊರಡುತ್ತಾನೆ. ಈ ಹುಡುಗನೋ, ನಡುರಾತ್ರಿ ಲಿನಕ್ಸ್ ತುಂಬಿದ ಯುಎಸ್‌ಬಿ ಕಡ್ಡಿ ಚುಚ್ಚಿ, ಬೂಟ್ ಮೆನು ತೆರೆದು, ಸತ್ತದ್ದನ್ನು ಎಬ್ಬಿಸಿ ಕೂರಿಸುತ್ತಾನೆ. ಬೆಳಗ್ಗೆ ಅದು ಮುಂಚಿಗಿಂತ ಬೇಗ ಶುರುವಾಗುತ್ತದೆ, ಅದಂತೂ ಶುದ್ಧ ಅವಮಾನ.

ಲಿನಕ್ಸ್ ಹಾಕಿಕೊಳ್ಳುವ ಸೌಲಭ್ಯವನ್ನು ಒಂದು ಕಾಲಕ್ಕೆ ಸೋನಿಯೇ ತನ್ನ ವಿಡಿಯೋ ಆಟದ ಯಂತ್ರ ಪ್ಲೇಸ್ಟೇಷನ್ 3ರಲ್ಲಿ ಕೊಟ್ಟಿತ್ತು. ಅದನ್ನು ನಂಬಿ ಕೊಂಡವರಿದ್ದರು. ಒಂದು ಅಪ್‌ಡೇಟಿನಲ್ಲಿ ಆ ಸೌಲಭ್ಯ ಮಾಯವಾಯಿತು. ಅಪ್‌ಡೇಟ್ ಬೇಡ ಎಂದವರಿಗೆ ಆನ್‌ಲೈನ್ ಆಟ ಮಾಯ. ದಿನಾಂಕ 2010ರ ಏಪ್ರಿಲ್ 1. ಕಂಪನಿಗಳಿಗೆ ಹಾಸ್ಯಪ್ರಜ್ಞೆ ಇಲ್ಲ ಎನ್ನುವವರು ಇದನ್ನು ಬರೆದಿಟ್ಟುಕೊಳ್ಳಿ.

ಕಾನೂನೂ ಕೈಕಟ್ಟಿ ಕೂತಿಲ್ಲ. ಅಮೆರಿಕದ 1998ರ ಡಿಜಿಟಲ್ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಡಿಜಿಟಲ್ ಬೀಗ ಮುರಿಯುವಂತಿಲ್ಲ. ವಿನಾಯಿತಿ ಬೇಕಿದ್ದವರು ಮೂರು ವರ್ಷಕ್ಕೊಮ್ಮೆ ಅರ್ಜಿ ಹಾಕಬೇಕು. ತೀರ್ಮಾನಿಸುವವರು ಯಾರು? ಅಲ್ಲಿನ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನ ಗ್ರಂಥಪಾಲಕರು. ರೈತ ತನ್ನ ಟ್ರ್ಯಾಕ್ಟರಿನ ಸಾಫ್ಟ್‌ವೇರ್ ಮುಟ್ಟಬಹುದು ಎಂದು 2015ರಲ್ಲಿ ಅಪ್ಪಣೆ ಸಿಕ್ಕಿದ್ದು ಅಲ್ಲಿಂದಲೇ.

ದೊಡ್ಡವರಾದ ಮೇಲಾದರೂ ಇವರು ಸರಿಹೋಗುತ್ತಾರೆಯೇ? ಪೋಲೆಂಡಿನಲ್ಲಿ ಕೆಲವು ರೈಲುಗಳು ರಿಪೇರಿಯಾದ ಮೇಲೂ ಹೊರಡದೆ ನಿಂತವು. ಮೂವರು ಹ್ಯಾಕರುಗಳು ಒಳಗಿನ ಪ್ರೋಗ್ರಾಮ್ ಬಿಚ್ಚಿ, ತಯಾರಕರ ಪ್ರತಿಸ್ಪರ್ಧಿಗಳ ವರ್ಕ್‌ಶಾಪುಗಳ ಜಿಪಿಎಸ್ ಗುರುತುಗಳು ಅದರಲ್ಲಿವೆ, ಅಲ್ಲಿ ನಿಂತರೆ ರೈಲು ತಾನಾಗಿ ಲಾಕ್ ಆಗುತ್ತದೆ ಎಂದು 2023ರಲ್ಲಿ ಹೇಳಿದರು. ತಯಾರಕ ಕಂಪನಿ ನೆವಾಗ್ ಅದನ್ನು ಅಲ್ಲಗಳೆದು ಅವರ ಮೇಲೆಯೇ ಮೊಕದ್ದಮೆ ಹೂಡಿತು. ನಿಂತ ರೈಲು ಏಕೆ ನಿಂತಿತೆಂದು ಕೇಳುವುದು ಪ್ರಯಾಣಿಕರ ಕೆಲಸವಲ್ಲ, ಟಿಕೆಟ್ ಕೊಳ್ಳುವುದಷ್ಟೇ ಅವರ ಕೆಲಸ.

ಹಾಗಾದರೆ ಪರಿಹಾರ? ಬಿಎಂಡಬ್ಲ್ಯೂ 2022ರಲ್ಲಿ ಕೆಲವು ದೇಶಗಳಲ್ಲಿ ದಾರಿ ತೋರಿಸಿತ್ತು. ಸೀಟು ಬೆಚ್ಚಗಾಗುವ ಉಪಕರಣ ಕಾರಿನಲ್ಲಿ ಮೊದಲೇ ಕೂತಿರುತ್ತದೆ. ಚಾಲೂ ಆಗಲು ತಿಂಗಳ ಚಂದಾ. ಜನರ ಕೃತಘ್ನತೆಯಿಂದ ಮರುವರ್ಷ ಕೈಬಿಡಬೇಕಾಯಿತು. ಅದೇ ತತ್ತ್ವವನ್ನು ಸ್ಕ್ರೂಡ್ರೈವರಿಗೆ ಅನ್ವಯಿಸಿ ಎಂಬುದು ನನ್ನ ವಿನಮ್ರ ಸಲಹೆ. ಹಿಡಿಯೊಳಗೊಂದು ಚಿಪ್ಪು, ಒಂದು ಆ್ಯಪ್, ಒಂದು ಓಟಿಪಿ. ಬಲಕ್ಕೆ ತಿರುಗಿಸುವುದು ಎಲ್ಲರಿಗೂ ಉಚಿತ. ಎಡಕ್ಕೆ ತಿರುಗಿಸಬೇಕೆಂದರೆ ಪ್ರೀಮಿಯಂ.