ಸರ್ವಪಕ್ಷ ಸಮ್ಮತ ಇಳಿಜಾರು

ಕರ್ನಾಟಕದಲ್ಲಿ ಕಾಂಗ್ರೆಸ್ಸಿಗೂ ಬಿಜೆಪಿಗೂ ಯಾವುದರಲ್ಲೂ ಒಮ್ಮತವಿಲ್ಲ ಎನ್ನುವವರು ಪಶ್ಚಿಮ ಘಟ್ಟದ ಕಡತ ನೋಡಿಲ್ಲ. ಘಟ್ಟದ ಒಂದು ಭಾಗವನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಗುರುತಿಸಿ ಕಾಪಾಡಿ ಎಂದ ಕಸ್ತೂರಿರಂಗನ್ ವರದಿಯನ್ನು ಕಾಂಗ್ರೆಸ್ ಸರ್ಕಾರ ಬೇಡವೆಂದಿತು. ಆಮೇಲೆ ಬಂದ ಬಿಜೆಪಿ ಸರ್ಕಾರವೂ ಬೇಡವೆಂದಿತು. ಅದನ್ನು ಸೋಲಿಸಿ ಬಂದ ಕಾಂಗ್ರೆಸ್ 2024ರ ಸೆಪ್ಟೆಂಬರಿನಲ್ಲಿ ಸಂಪುಟ ಸಭೆ ಸೇರಿ ಮತ್ತೊಮ್ಮೆ ಬೇಡವೆಂದಿತು. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಜನರ ಮೇಲೆ ಕುಸಿದು ಆಗಿನ್ನೂ ಎರಡು ತಿಂಗಳು ಕಳೆದಿತ್ತಷ್ಟೆ. ಈ ಸೌಹಾರ್ದಕ್ಕೆ ಇನ್ನೂ ಸಹಿ ಹಾಕದೆ ಉಳಿದಿರುವುದು ಗುಡ್ಡವೊಂದೇ.

ವಿಜ್ಞಾನದ ಜೊತೆ ನಮ್ಮವರು ನಡೆಸಿದ್ದು ಸಂತೆಯ ಚೌಕಾಸಿ. 2011ರಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಅವರ ಸಮಿತಿ ಘಟ್ಟದ ರಕ್ಷಣೆಯ ಕುರಿತು ವರದಿ ಕೊಟ್ಟಿತು. ಗ್ರಾಮಸಭೆಗಳ ಮುಂದಿಟ್ಟು ಚರ್ಚಿಸಿ ಎಂದ ಆ ವರದಿಯನ್ನು ಕೇಂದ್ರದ ಪರಿಸರ ಸಚಿವಾಲಯ ಗ್ರಾಮಗಳಿಗೇ ಕಾಣದಂತೆ ಬಚ್ಚಿಟ್ಟಿತು. ಮಾಹಿತಿ ಹಕ್ಕಿನ ಜಗ್ಗಾಟದ ಬಳಿಕ 2012ರಲ್ಲಿ ಅದು ಹೊರಬಂತು. ಇದು ಬಹಳ ದುಬಾರಿಯಾಯಿತೆಂದು ಕಸ್ತೂರಿರಂಗನ್ ಅವರನ್ನು ಕರೆದರು. ಅವರು 2013ರಲ್ಲಿ ಘಟ್ಟದ ಸುಮಾರು ಶೇಕಡಾ 37 ಭಾಗವನ್ನಷ್ಟೇ ಪರಿಸರ ಸೂಕ್ಷ್ಮವೆಂದು ಗುರುತಿಸಿದರು. ಅದೂ ಹೆಚ್ಚಾಯಿತು. ಕರ್ನಾಟಕದ ಪಾಲಿನ 20,668 ಚದರ ಕಿಲೋಮೀಟರ್ ಈಗ ಕರಡಿನಿಂದ ಕರಡಿಗೆ ಅಲೆಯುತ್ತಿದೆ. 2014ರಿಂದ 2024ರವರೆಗೆ ಕೇಂದ್ರದ ಆರು ಕರಡು ಅಧಿಸೂಚನೆಗಳು. ಆರನೆಯದರ ತಾರೀಖು ಜುಲೈ 31, ವಯನಾಡಿನಲ್ಲಿ ಊರುಗಳು ಕೊಚ್ಚಿಹೋದ ಮರುದಿನ.

ವರದಿ ಅವೈಜ್ಞಾನಿಕ, ಏಕೆಂದರೆ ಉಪಗ್ರಹದಿಂದ ನೋಡಿ ಬರೆದದ್ದು ಎಂಬುದು ಮುಖ್ಯ ಆರೋಪ. ಬರೆದವರು ಇಸ್ರೋದ ಮಾಜಿ ಅಧ್ಯಕ್ಷರು. ಚಂದ್ರನ ಕುಳಿಗಳನ್ನು ತೋರಿಸಿದಾಗ ವೇದಿಕೆ ಹತ್ತಿ ಕೈ ಬೀಸುವ ನಾಯಕರಿಗೆ ಅದೇ ತಂತ್ರಜ್ಞಾನ ಮಡಿಕೇರಿಯ ಇಳಿಜಾರು ತೋರಿಸಿದರೆ ಕಣ್ಣು ಮಂಜಾಗುತ್ತದೆ. ಮರದ ನೆರಳಿನ ಕಾಫಿ ತೋಟ ಮೇಲಿನಿಂದ ಕಾಡಿನಂತೆ ಕಾಣಬಹುದು ಎಂಬ ಆಕ್ಷೇಪದಲ್ಲಿ ಹುರುಳಿದೆ, ಒಪ್ಪೋಣ. ಹಾಗಾದರೆ ಸರ್ವೆಯವರನ್ನು ಕಳುಹಿಸಿ ಆ ಗೆರೆ ತಿದ್ದಬೇಕು. ಗೆರೆ ತಪ್ಪಿದೆಯೆಂದು ನಕ್ಷೆಯನ್ನೇ ಒಲೆಗೆ ಹಾಕುವುದು ಯಾವ ಪ್ರಯೋಗಾಲಯದ ಪದ್ಧತಿಯೋ.

ಇನ್ನು ರೈತರ ಕಿವಿಗೆ ಊದಿದ್ದು: ಕೊಟ್ಟಿಗೆ ಕಟ್ಟುವಂತಿಲ್ಲ, ದನ ಮೇಯಿಸುವಂತಿಲ್ಲ, ಒಕ್ಕಲೆಬ್ಬಿಸುತ್ತಾರೆ. ಕರಡು ನಿಷೇಧಿಸುವುದು ಗಣಿ, ಕಲ್ಲುಕ್ವಾರಿ, ಮರಳುಗಾರಿಕೆ, ಹೊಸ ಉಷ್ಣವಿದ್ಯುತ್ ಸ್ಥಾವರ, ಅತಿ ಮಾಲಿನ್ಯದ ಕೈಗಾರಿಕೆ, 20,000 ಚದರ ಮೀಟರಿಗೆ ಕಡಿಮೆಯಿಲ್ಲದ ಹೊಸ ಕಟ್ಟಡ. ಅಂದರೆ ಸುಮಾರು ಐದು ಎಕರೆ ನೆಲಹಾಸಿನ ಕೊಟ್ಟಿಗೆ. ಮಲೆನಾಡಿನ ಯಾವ ಹಸು ಅಷ್ಟು ಅನುಕೂಲ ಕೇಳುತ್ತಿದೆಯೋ, ಅಥವಾ ಹಸುವಿನ ಹೆಸರಿನಲ್ಲಿ ರೆಸಾರ್ಟು ಕೇಳುತ್ತಿದೆಯೋ!

ಆ ಕಡೆಯವರೂ ಕಡಿಮೆಯಿಲ್ಲ. ಬೆಂಗಳೂರಿನಲ್ಲಿ ಕುಳಿತು ವರದಿಯನ್ನು ವೇದದಂತೆ ಪಠಿಸುವವರಿದ್ದಾರೆ. ವಾರಾಂತ್ಯಕ್ಕೆ ಸಕಲೇಶಪುರದ ಹೋಂಸ್ಟೇ, ವಾರದ ದಿನಗಳಲ್ಲಿ ಘಟ್ಟದ ರೈತನಿಗೆ ತ್ಯಾಗದ ಉಪದೇಶ. ಮಣ್ಣು ಎಷ್ಟು ನೀರು ಹಿಡಿದಾಗ ಜಾರುತ್ತದೆ ಎಂಬುದನ್ನು ವಿಜ್ಞಾನ ಹೇಳಬಹುದು. ಅದನ್ನು ಉಳಿಸುವ ಖರ್ಚು ಯಾರದು ಎಂಬುದನ್ನು ಹೇಳಲಾರದು. ಅದು ರಾಜಕೀಯದ ಕೆಲಸ. ನಮ್ಮ ರಾಜಕೀಯ ತನ್ನ ಪಾಲಿನ ಪ್ರಶ್ನೆ ಬಿಟ್ಟು ಮಣ್ಣಿನ ಪರೀಕ್ಷೆಗೆ ಕುಳಿತಿದೆ.

ಬೇಡವೆನ್ನುವ ಅಧಿಕಾರ ಸಂಪುಟಕ್ಕೆ ಇದ್ದೇ ಇದೆ. ಆದರೆ ‘ಅವೈಜ್ಞಾನಿಕ’ ಎಂಬ ಮುಸುಕು ತೆಗೆದು ಟಿಪ್ಪಣಿಯನ್ನು ಹೀಗೆ ಬರೆಯಲಿ: ‘ಅಪಾಯದ ಕುರಿತು ತಜ್ಞರು ಹೇಳಿದ್ದು ತಿಳಿದಿದೆ. ಚುನಾವಣೆ ಹತ್ತಿರವಿರುವುದೂ ತಿಳಿದಿದೆ. ಎರಡನ್ನೂ ತೂಗಿ ಎರಡನೆಯದನ್ನು ಆರಿಸಿಕೊಳ್ಳಲಾಗಿದೆ. ಭೂಕುಸಿತದ ಪರಿಹಾರದ ಚೆಕ್ಕುಗಳನ್ನು, ಹೆಸರಿನ ಜಾಗ ಖಾಲಿ ಬಿಟ್ಟು, ಮೇ ತಿಂಗಳಲ್ಲೇ ಸಿದ್ಧಪಡಿಸಿಡಲು ಕಂದಾಯ ಇಲಾಖೆಗೆ ಸೂಚಿಸಲಾಗಿದೆ.’