ಡಕೋಟಾದ ಮಾನ ಮತ್ತು ನನ್ನ ಬಿಳಿ ಅಂಗಿ

ಏರು ಬಂದಾಗ ಪ್ರಯಾಣಿಕರನ್ನು ಇಳಿಸಿ ತಾನೊಂದೇ ಹತ್ತುವ ಬಸ್ಸು, ಹಗ್ಗ ಕಟ್ಟಿದರಷ್ಟೇ ಮುಚ್ಚಿಕೊಳ್ಳುವ ಬಾಗಿಲಿನ ಜೀಪು, ಹತ್ತು ಸಲ ಒದ್ದ ಮೇಲೆ ಕೆಮ್ಮುವ ಸ್ಕೂಟರು, ಇವೆಲ್ಲಕ್ಕೂ ಕನ್ನಡಿಗರಾದ ನಾವು ಇಟ್ಟಿರುವ ಹೆಸರು ‘ಡಕೋಟಾ’. ರೈಟ್ ಸಹೋದರರು ಮೊದಲು ಹಾರಿದ ದಿನಕ್ಕೆ ಸರಿಯಾಗಿ 32 ವರ್ಷ ತುಂಬಿದ 1935ರ ಡಿಸೆಂಬರ್ 17ರಂದು ಕ್ಯಾಲಿಫೋರ್ನಿಯಾದಲ್ಲಿ ಮೇಲೆದ್ದ ಡಗ್ಲಾಸ್ ಡಿಸಿ-3 ವಿಮಾನದ ಸೈನಿಕ ರೂಪಕ್ಕೆ ಬ್ರಿಟಿಷರು ಕೊಟ್ಟ ಹೆಸರು ಅದು ಎಂದು ಹೇಳಿದರೆ, ಕೇಳಿದವರು ನನ್ನನ್ನೂ ಅದೇ ಪಟ್ಟಿಗೆ ಸೇರಿಸುತ್ತಾರೆ.

ಈ ಹುಚ್ಚು ನನಗೆ ಹಿಡಿದದ್ದು ದೊಡ್ಡಪ್ಪನಿಂದ. ಅವರು ಐವತ್ತರ ದಶಕದಲ್ಲಿ ಒಮ್ಮೆ ಮುಂಬಯಿಯಿಂದ ಬಜಪೆಗೆ ಡಕೋಟಾದಲ್ಲಿ ಬಂದಿಳಿದಿದ್ದರು. 1951ರಲ್ಲಿ ನೆಹರೂ ಅವರು ಬಂದಿಳಿದು ಆರಂಭಿಸಿದ ಆ ನಿಲ್ದಾಣಕ್ಕೆ ತಾವೂ ಅಂಥದೇ ವಿಮಾನದಲ್ಲಿ ಬಂದವರು ಎಂಬುದು ಅವರ ಪಾಲಿಗೆ ಸಣ್ಣ ಸಂಗತಿಯಾಗಿರಲಿಲ್ಲ. ಕಿವಿಗೆ ಹತ್ತಿ, ಬಾಯಿಗೆ ಪೆಪ್ಪರ್‌ಮೆಂಟು ಕೊಟ್ಟರೆಂಬ ಕಥೆಯನ್ನು ಅವರು ಪ್ರತಿ ಮದುವೆಮನೆಯಲ್ಲೂ ಹೇಳುತ್ತಿದ್ದರು. ಹೊಸ ತಲೆಮಾರಿನ ಬೀಗರು ಮಾತ್ರ ‘ಮುಂಬಯಿಯಿಂದ ಡಕೋಟಾದಲ್ಲಿಯೇ? ಪಾಪ, ಬೇರೆ ಬಸ್ಸು ಸಿಗಲಿಲ್ಲವೇ?’ ಎಂದು ಮರುಗುತ್ತಿದ್ದರು.

ದೊಡ್ಡಪ್ಪನ ನಂತರ ಡಕೋಟಾದ ಮಾನ ಕಾಯುವ ಹೊಣೆ ನನಗೆ ಬಂತು. ಶಿರಾಡಿ ಘಾಟಿಯಲ್ಲಿ ಒಮ್ಮೆ ನಮ್ಮ ಬಸ್ಸು ಕೆಟ್ಟು ನಿಂತಾಗ ಯಾರೋ ‘ಹಾಳು ಡಕೋಟಾ’ ಎಂದರು. ತಕ್ಷಣ ಎದ್ದು ನಿಂತು, ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಮಾನಗಳನ್ನು ನಮ್ಮ ಬೆಂಗಳೂರಿನ ಕಾರ್ಖಾನೆಯಲ್ಲಿಯೇ ದುರಸ್ತಿ ಮಾಡುತ್ತಿದ್ದುದನ್ನೂ, 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಇಳಿಸಿದ್ದು ಇದೇ ಡಕೋಟಾ ಎಂಬುದನ್ನೂ, 2018ರಲ್ಲಿ ನಮ್ಮ ವಾಯುಪಡೆಗೆ ಇಂಗ್ಲೆಂಡಿನಿಂದ ಹಾರಿಬಂದ ಹಳೆಯ ಡಕೋಟಾಕ್ಕೆ ಚಿರಂಜೀವಿಯಾದ ‘ಪರಶುರಾಮ’ನ ಹೆಸರನ್ನೇ ಇಟ್ಟಿರುವುದನ್ನೂ ಒಂದೇ ಉಸಿರಿನಲ್ಲಿ ವಿವರಿಸಿದೆ. ನಿರ್ವಾಹಕರು ಕೊನೆಯವರೆಗೂ ಗೌರವದಿಂದ ಕೇಳಿ, ‘ಬಹಳ ತಿಳಿದುಕೊಂಡಿದ್ದೀರಿ ಸಾರ್, ಈಗ ಸ್ವಲ್ಪ ಇಳಿದು ತಳ್ಳಿ’ ಎಂದರು.

ಕೊನೆಗೂ ಡಕೋಟಾ ಹತ್ತುವ ಯೋಗ ಬಂದದ್ದು ನೆದರ್ಲೆಂಡ್ಸಿನಲ್ಲಿರುವ ಮಗಳ ಮನೆಗೆ ಹೋದಾಗ. ಹಳೆಯ ಡಿಸಿ-3 ಒಂದನ್ನು ಉಳಿಸಿಕೊಂಡು ಬಂದಿರುವ ಅಲ್ಲಿನ ಉತ್ಸಾಹಿಗಳು ಸ್ಕಿಪೋಲ್ ನಿಲ್ದಾಣದಿಂದ ಆಸಕ್ತರನ್ನು ಸುತ್ತಾಡಿಸಿ ತರುತ್ತಿದ್ದರು. ಇಂಥ ಹಿರಿಯರ ದರ್ಶನಕ್ಕೆ ಮಡಿಯಲ್ಲಿಯೇ ಹೋಗಬೇಕೆಂದು ನಾನು ಹೊಸ ಬಿಳಿ ಅಂಗಿ ತೊಟ್ಟೆ. ಮಗಳು ‘ಅಪ್ಪಾ, ಬಣ್ಣದ ಅಂಗಿ ಹಾಕಿಕೋ’ ಎಂದದ್ದನ್ನು ನಾನು ಕೇಳಬೇಕಿತ್ತು. ಆ ಎಂಜಿನ್ನಿನ 14 ಸಿಲಿಂಡರುಗಳು ವೃತ್ತಾಕಾರವಾಗಿ ಜೋಡಣೆಯಾಗಿರುವುದರಿಂದ, ವಿಮಾನ ನಿಂತಿರುವಾಗ ಎಣ್ಣೆ ಕೆಳಗಿನ ಸಿಲಿಂಡರುಗಳಿಗೆ ಇಳಿದು ಕೂರುತ್ತದೆ. ಅದಕ್ಕಾಗಿಯೇ ಹೊರಡುವ ಮೊದಲು ಪ್ರೊಪೆಲರನ್ನು ಕೈಯಿಂದ ತಿರುಗಿಸುತ್ತಾರೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಎಂಜಿನ್ನಿನ ನೇರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡೆ. ಹೆಗಲಿನ ಮೇಲೆ ಮೂರು ಹನಿ, ಬೆನ್ನಿನ ಮೇಲೆ ಒಂದು ಧಾರೆ.

ಒಳಗಿನ ಕಥೆ ಬೇರೆಯದೇ. ಬಾಲದಡಿಯ ಚಕ್ರದ ಮೇಲೆ ಕುಳಿತು ಮೂಗನ್ನು ಆಕಾಶಕ್ಕೆತ್ತಿ ನಿಲ್ಲುವ ಆ ವಿಮಾನದ ನಡುಹಾದಿ ಚಾಮುಂಡಿ ಬೆಟ್ಟದ ಮೆಟ್ಟಿಲಿನಂತೆ ಏರಿರುತ್ತದೆ. ಉಸ್ಸೆಂದು ಮುಂದಿನ ಸೀಟು ತಲುಪಿ, ಸಂಭ್ರಮಕ್ಕೆ ಬಾಯಿ ಸಿಹಿ ಮಾಡಿಕೊಳ್ಳೋಣವೆಂದು ನನ್ನಾಕೆ ಕಟ್ಟಿಕೊಟ್ಟಿದ್ದ ರವೆ ಉಂಡೆಯ ಡಬ್ಬಿಯ ಮುಚ್ಚಳ ತೆಗೆದೆ, ಡಬ್ಬಿ ಕೈಜಾರಿತು. ಐದು ಉಂಡೆಗಳು ಒಂದರ ಹಿಂದೊಂದು, ಒಂದೂ ಒಡೆಯದೆ, ಬಾಲದವರೆಗೆ ಉರುಳಿದವು. (ಉಂಡೆಯ ಗಟ್ಟಿತನದ ಬಗ್ಗೆ ನಾನು ಮನೆಯಲ್ಲಿ ಮೂವತ್ತು ವರ್ಷಗಳಿಂದ ಹೇಳುತ್ತಿದ್ದುದಕ್ಕೆ ಸಾಕ್ಷಿ ಸಿಕ್ಕಿದ್ದು ಅಂದೇ.) ಪರಿಚಾರಿಕೆ ನಾಲ್ಕನ್ನು ಹೆಕ್ಕಿ ತಂದು, ವಿಮಾನದ ಬಿಡಿಭಾಗವೋ ಎಂಬಂತೆ ಅಂಗೈಯಲ್ಲಿ ಹಿಡಿದು ಒಪ್ಪಿಸಿದರು.

ಹೊಗೆಯುಗುಳಿ ಗುಡುಗಿ ಎಂಜಿನ್ನುಗಳು ಹತ್ತಿಕೊಂಡ ಮೇಲಿನ ಹಾರಾಟವನ್ನು ವರ್ಣಿಸುವ ಶಕ್ತಿ ನನಗಿಲ್ಲ. ದೊಡ್ಡಪ್ಪನ ನೆನಪಿಗೆ ಕಿವಿಯಲ್ಲಿಟ್ಟುಕೊಂಡಿದ್ದ ಹತ್ತಿಯನ್ನು ಆ ಸದ್ದು ಕೇಳಲೆಂದೇ ಕಿತ್ತೆಸೆದೆ. ಇಳಿಯುವಾಗ ಮುಂದಿನ ಚಕ್ರಗಳು ನೆಲ ಮುಟ್ಟಿ, ಬಾಲ ಇನ್ನೂ ಮೇಲೆಯೇ ಇದ್ದು ವೇಗ ತಗ್ಗುತ್ತಿದ್ದಂತೆ, ಕಾಣೆಯಾಗಿದ್ದ ಐದನೆಯ ಉಂಡೆ ಹಿಂದಿನಿಂದ ಗಂಭೀರವಾಗಿ ಉರುಳಿಕೊಂಡು ಬಂದು ನನ್ನ ಪಾದದ ಬಳಿ ನಿಂತಿತು. ನಾನು ಬಗ್ಗಿದೆ, ಬೆಲ್ಟು ಜಗ್ಗಿತು, ಬಾಲ ಕೆಳಗಿಳಿಯಿತು, ಉಂಡೆ ಬಂದ ದಾರಿಯಲ್ಲೇ ಹಿಂದಿರುಗಿತು.

ಅಂಗಿಯ ಕಲೆ ಬೆಂಗಳೂರಿಗೆ ಬಂದ ಮೇಲೂ ಹೋಗಲಿಲ್ಲ. ಇಸ್ತ್ರಿ ಅಂಗಡಿಯವನು ಅದನ್ನು ಬೆಳಕಿಗೆ ಹಿಡಿದು, ‘ಯಾವ ಗಾಡಿ ಎಣ್ಣೆ ಸಾರ್ ಇದು?’ ಎಂದು ಕೇಳಿದ.

‘ಡಕೋಟಾದ್ದಪ್ಪಾ’ ಎಂದೆ, ಆದಷ್ಟೂ ಹೆಮ್ಮೆಯಿಂದ.

‘ಅದು ನೋಡಿದರೇನೇ ಗೊತ್ತಾಗುತ್ತೆ ಬಿಡಿ. ಸುಮ್ಮನೆ ಗುಜರಿಗೆ ಹಾಕಿಬಿಡಿ ಸಾರ್’ ಎಂದು ಅವನು ಇಸ್ತ್ರಿಪೆಟ್ಟಿಗೆ ಕೈಗೆತ್ತಿಕೊಂಡ.