ಒಬ್ಬನೇ ಡಿಜೆಗೆ ಹೌಸ್, ಹಿಪ್-ಹಾಪ್, ಫಂಕ್ ಮೂರೂ ಶೈಲಿಯ ಸಂಗೀತ ಬೇಕೆ?

ಪರ: ಮೂರನ್ನೂ ಹಾಕಲಿ, ಮೂರರಲ್ಲೂ ಟ್ರ್ಯಾಕ್ ಮಾಡಲಿ

ಹೊಸ ಡಿಜೆಯೊಬ್ಬ ಇಂದಿರಾನಗರದ ಪಬ್ಬಿಗೆ ಗಿಗ್ ಕೇಳಿಕೊಂಡು ಹೋದರೆ ಮೊದಲು ಎದುರಾಗುವ ಪ್ರಶ್ನೆ: 'ಏನ್ ಹಾಕ್ತೀರಾ?' ಹೌಸ್ ಅಂದರೆ ಒಂದು ದಿನ, ಹಿಪ್-ಹಾಪ್ ಅಂದರೆ ಇನ್ನೊಂದು ದಿನ. ಮೂರೂ ಹಾಕ್ತೀನಿ ಅಂದರೆ ಸುಮ್ಮನೆ ಮುಖ ನೋಡುತ್ತಾರೆ. ಪ್ರೊಡ್ಯೂಸರ್ ಕೂಡ, ಅಂದರೆ ಸ್ವಂತ ಟ್ರ್ಯಾಕ್ ತಯಾರಿಸುವವನೂ ಆಗಿದ್ದರೆ ಇನ್ನೂ ಕಷ್ಟ. ಹೋದ ವರ್ಷ ರ‍್ಯಾಪಿಗೆ ಬೀಟ್ ಮಾಡಿದವನು ಈ ವರ್ಷ ಹೌಸ್ ಟ್ರ್ಯಾಕ್ ಬಿಟ್ಟರೆ 'ಇವನು ಒಂದು ಕಡೆ ನಿಲ್ಲೋನಲ್ಲ' ಎಂಬ ಮಾತು ಹುಟ್ಟಿಕೊಳ್ಳುತ್ತದೆ. ಈ ಮಾತು ಅನ್ಯಾಯದ್ದು.

ಹಿಪ್-ಹಾಪ್ ಹುಟ್ಟಿದ್ದೇ ಫಂಕ್ ರೆಕಾರ್ಡುಗಳಿಂದ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ತನ್ನ ಸೋದರಿಯ ಪಾರ್ಟಿಗೆ ಸಂಗೀತ ಹಾಕಿದ. ಜನ ಹೆಚ್ಚು ಕುಣಿಯುವುದು ಡ್ರಮ್ಸ್ ಮಾತ್ರ ಉಳಿಯುವ ಭಾಗಕ್ಕೆ ಎಂದು ಗಮನಿಸಿ, ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಆ ಭಾಗವನ್ನೇ ಹಿಗ್ಗಿಸುವುದು ಅವನ ಕೈಚಳಕವಾಯಿತು. ಇನ್ನೊಂದು ಕಡೆ ಶಿಕಾಗೋದ ವೇರ್‌ಹೌಸ್ ಕ್ಲಬ್. 1977ರಿಂದ ಅಲ್ಲಿ ಡಿಜೆ ಫ್ರಾಂಕಿ ನಕಲ್ಸ್ ಹಾಕುತ್ತಿದ್ದ ಡಿಸ್ಕೊ, ಸೋಲ್, ಫಂಕ್‌ಗಳ ಬೆರಕೆಯಿಂದಲೇ ಹೌಸ್ ಬೆಳೆಯಿತು, ಹೆಸರೂ ಆ ಕ್ಲಬ್ಬಿನದೇ. ಶುರುಮಾಡಿದವರೇ ಬೆರೆಸಿದ್ದನ್ನು ನಾವು ಈಗ ಬೇರೆ ಬೇರೆ ದಿನಗಳಿಗೆ ಹಂಚುತ್ತಿದ್ದೇವೆ.

ಕೈಕೆಲಸದ ಲೆಕ್ಕವನ್ನೂ ನೋಡಿ. ಟೆಕ್ನಿಕ್ಸ್ 1200 ಎಂಕೆ2 ಟರ್ನ್‌ಟೇಬಲ್‌ನಲ್ಲಿ ವೇಗವನ್ನು ಶೇ. 8ರಷ್ಟು ಏರಿಸಬಹುದು, ಇಳಿಸಬಹುದು. 98 ಬಿಪಿಎಂನ (ನಿಮಿಷಕ್ಕೆ 98 ಬೀಟ್) ಹಿಪ್-ಹಾಪ್ ಹಾಡನ್ನು ಪೂರ್ತಿ ಏರಿಸಿದರೆ 106ರ ಹತ್ತಿರ ಬರುತ್ತದೆ. ಅಲ್ಲಿ ಫಂಕ್ ಸಿಗುತ್ತದೆ. ಹಾಡು ಬದಲಿಸುತ್ತಾ 112ಕ್ಕೆ ಬನ್ನಿ. ಅಲ್ಲಿಂದ ಮತ್ತೆ ಶೇ. 8 ಏರಿಸಿದರೆ 121, ಅಂದರೆ ಹೌಸ್. ಮೂರನ್ನೂ ಬಲ್ಲವನು ಒಂದೇ ಸೆಟ್‌ನಲ್ಲಿ ಜನರನ್ನು ಎಲ್ಲೂ ನಿಲ್ಲಿಸದೆ ಇಷ್ಟು ದೂರ ನಡೆಸಬಲ್ಲ. ಇವತ್ತಿನ ಡಿಜಿಟಲ್ ಡೆಕ್‌ಗಳಲ್ಲಿ ವೇಗ ಬದಲಿಸುವುದು ಇನ್ನೂ ಸಲೀಸು. ಆದರೆ ಯಾವ ಹಾಡಾದ ಮೇಲೆ ಯಾವುದು ಎಂಬ ಕಿವಿ ಯಂತ್ರದಿಂದ ಬರುವುದಿಲ್ಲ, ಮೂರೂ ಬಗೆಯನ್ನು ಕೇಳಿ ಕೇಳಿಯೇ ಬರಬೇಕು.

ನ್ಯೂಯಾರ್ಕಿನ ಕೆನ್ನಿ 'ಡೋಪ್' ಗೊನ್ಸಾಲೆಸ್ ಹಿಪ್-ಹಾಪ್ ಹುಚ್ಚಿನವನು. ಲೂಯಿ ವೇಗಾ ಜೊತೆ ಸೇರಿ ಹೌಸ್ ಮಾಡಿದ. 1997ರ ಹೊತ್ತಿಗೆ ಅದೇ ಜೋಡಿ ಜಾರ್ಜ್ ಬೆನ್ಸನ್, ರಾಯ್ ಏಯರ್ಸ್‌ರಂಥ ವಾದ್ಯಗಾರರನ್ನು ಕೂರಿಸಿಕೊಂಡು ಇಡೀ ಆಲ್ಬಂ ನುಡಿಸಿತು. ಬ್ರಿಟನ್ನಿನ ನಾರ್ಮನ್ ಕುಕ್ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ಹಿಡಿದವನು, ಆಮೇಲೆ ಫಂಕ್‌ಗೂ ಹೌಸ್‌ಗೂ ಓಡಾಡಿ ಫ್ಯಾಟ್‌ಬಾಯ್ ಸ್ಲಿಮ್ ಆದ. ನಮ್ಮಲ್ಲೇ ಮುಂಬೈನ ಚರಣ್‌ಜಿತ್ ಸಿಂಗ್ ಇರಲಿಲ್ಲವೇ? ಸಿನಿಮಾ ಸಂಗೀತಕ್ಕೆ ವಾದ್ಯ ನುಡಿಸುತ್ತಿದ್ದ ಅವರು 1982ರಲ್ಲಿ ರೋಲ್ಯಾಂಡ್ 808 ಡ್ರಮ್ ಯಂತ್ರ, 303 ಬೇಸ್ ಯಂತ್ರಗಳ ಮೇಲೆ ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿದರು. 2010ರಲ್ಲಿ ಅದು ಮರುಬಿಡುಗಡೆಯಾದಾಗ, 303ರ ಸದ್ದಿನ ಮೇಲೆ ಆಮೇಲೆ ಬೆಳೆದ ಆ್ಯಸಿಡ್ ಹೌಸ್ ಕೇಳಿ ಬೆಳೆದವರೆಲ್ಲ ಬೆರಗಾದರು.

ಬೆಂಗಳೂರಿನ ಕಿವಿಗಂತೂ ಈ ಬೆರಕೆ ಹೊಸದಲ್ಲ. 1981ರ 'ಗೀತಾ' ಚಿತ್ರಕ್ಕೆ ಇಳಯರಾಜ ಕೊಟ್ಟ ಹಾಡುಗಳಲ್ಲಿ ಬೇಸ್ ಗಿಟಾರ್ ಮಾಡುವ ಕೆಲಸವನ್ನೊಮ್ಮೆ ಕಿವಿಗೊಟ್ಟು ಕೇಳಿ. ಆ ಹಾಡುಗಳಿಗೆ ಕುಣಿದ ಊರಿಗೆ ಫಂಕ್ ಎಂದರೇನು ಎಂದು ಯಾರೂ ವಿವರಿಸಬೇಕಿಲ್ಲ.

ವಿರೋಧ: ಮೊದಲು ಒಂದನ್ನು ಪೂರ್ತಿ ಕಲಿಯಲಿ

ಮೂರರ ಬೇರು ಒಂದೇ ಎಂಬುದರಲ್ಲಿ ನನಗೂ ತಕರಾರಿಲ್ಲ. ಆದರೆ ನಕಲ್ಸ್ ಬೆರೆಸಿದ್ದು ರಾತ್ರಿಯಿಡೀ ನಡೆಯುತ್ತಿದ್ದ ಕ್ಲಬ್ಬಿನಲ್ಲಿ. ಬೆಂಗಳೂರಿನಲ್ಲಿ ಒಂದು ಗಂಟೆಗೆ ಬಾಗಿಲು ಹಾಕಬೇಕು, ಹೊಸಬರಿಗೆ ಸಿಗುವುದು ಹೆಚ್ಚೆಂದರೆ ಒಂದೂವರೆ ತಾಸು. ಹೌಸ್ ಹಾಡು ಆರು-ಏಳು ನಿಮಿಷದ್ದು. ಮೊದಲ ಒಂದು ನಿಮಿಷ ಬರೀ ಕಿಕ್, ಹೈ-ಹ್ಯಾಟ್ ಡ್ರಮ್ಸ್ ಸದ್ದು. ಬೇಸ್ ಬರುವಷ್ಟರಲ್ಲಿ ಹಿಂದಿನ ಹಾಡು ಮೆಲ್ಲಗೆ ಸರಿಯಬೇಕು. ಅದರ ಸುಖ ಕಾಯುವುದರಲ್ಲಿದೆ. ಒಂದೂವರೆ ತಾಸಿಗೆ ಮೂರನ್ನೂ ತುರುಕಿದರೆ ತಲಾ ಅರ್ಧ ಗಂಟೆ. ಕಾಲು ತಾಳಕ್ಕೆ ಒಗ್ಗುವಷ್ಟರಲ್ಲಿ ಹಾಡಿನ ಜಾತಿಯೇ ಬದಲಾಗಿರುತ್ತದೆ. ಪಬ್ಬುಗಳು 'ಓಪನ್ ಫಾರ್ಮ್ಯಾಟ್' (ಎಲ್ಲ ಬಗೆಯ ಸಂಗೀತವೂ ಉಂಟು) ಎಂದು ಪೋಸ್ಟರ್ ಹಾಕುವ ಸಂಜೆಗಳು ಬಹುಪಾಲು ಹೀಗೇ ಹರಿದು ಹಂಚಿಹೋಗುತ್ತವೆ. ಮೇಲೆ ಕೊಟ್ಟ ಶೇ. 8ರ ಲೆಕ್ಕ ಸರಿಯೇ. ಆದರೆ ಹಾಗೆ ನಡೆಸಲು ಬೇಕಾದ ಸಮಯವನ್ನು ನಮ್ಮ ಊರು ಹೊಸ ಡಿಜೆಗೆ ಕೊಡುತ್ತಿಲ್ಲ.

ನನ್ನ ಹೆಚ್ಚಿನ ಚಿಂತೆ ಪ್ರೊಡ್ಯೂಸರ್‌ಗಳ ಬಗ್ಗೆ. ಆಲ್ ಓಕೆ, ರಾಹುಲ್ ಡಿಟ್ಟೊ ಅವರಂಥ ರ‍್ಯಾಪರ್‌ಗಳಿಂದ ಕನ್ನಡ ರ‍್ಯಾಪ್ ತನ್ನ ಕಾಲ ಮೇಲೆ ನಿಂತಿದೆ. ಅದಕ್ಕೆ ಬೀಟ್ ಮಾಡುವುದು ಇಂಗ್ಲಿಷ್ ರ‍್ಯಾಪಿಗೆ ಮಾಡಿದಂತಲ್ಲ. ನಮ್ಮ ಕ್ರಿಯಾಪದ ಸಾಮಾನ್ಯವಾಗಿ ಸಾಲಿನ ಕೊನೆಗೆ ಬರುತ್ತದೆ. ಬರ್ತೀನಿ, ನೋಡ್ತೀನಿ, ಮಾಡ್ತೀನಿ ಎಂದು ಅಂತ್ಯಪ್ರಾಸ ತಾನಾಗಿಯೇ ಉದುರುತ್ತದೆ, ಅದಕ್ಕೇ ಬೇಗ ಸಪ್ಪೆಯೂ ಆಗುತ್ತದೆ. ನಮ್ಮ ಹಳೆಯ ಕವಿಗಳು ಪ್ರಾಸವನ್ನು ಪಾದದ ಎರಡನೇ ಅಕ್ಷರಕ್ಕೆ ಇಟ್ಟರು. ಒಳ್ಳೆಯ ರ‍್ಯಾಪರ್ ಸಾಲಿನ ಆರಂಭದಲ್ಲೋ ನಡುವೆಯೋ ಪ್ರಾಸ ಇಟ್ಟರೆ, ಸ್ನೇರ್ ಡ್ರಮ್ ಎಲ್ಲಿ ಬೀಳಬೇಕು, ಬೇಸ್ ಎಲ್ಲಿ ಸುಮ್ಮನಿರಬೇಕು ಎಂಬುದೆಲ್ಲ ಬದಲಾಗುತ್ತದೆ. ಪ್ರತ್ಯಯ ಸೇರಿ ಉದ್ದವಾದ ಪದಗಳಿಗೆ ಉಸಿರಾಡಲು ಜಾಗ ಬೇಕು. 1988ರಲ್ಲಿ ರಾಜರ್ ಲಿನ್ ವಿನ್ಯಾಸದ ಅಕಾಯ್ ಎಂಪಿಸಿ60 ಎಂಬ ಬೀಟ್ ಯಂತ್ರ ಬಂದಾಗಿನಿಂದ ಬೀಟ್ ಮಾಡುವವರು ಸ್ವಿಂಗ್ ಜೊತೆ, ಅಂದರೆ ಪೆಟ್ಟುಗಳನ್ನು ತುಸು ತಡಮಾಡಿ ತಾಳವನ್ನು ತೂಗಿಸುವುದರ ಜೊತೆ, ಆಟವಾಡುತ್ತಲೇ ಇದ್ದಾರೆ. ಆದರೆ ಕನ್ನಡದ ನಡೆಗೆ ಎಷ್ಟು ಸ್ವಿಂಗ್ ಒಪ್ಪುತ್ತದೆ ಎಂಬುದನ್ನು ರ‍್ಯಾಪರ್ ಪಕ್ಕದಲ್ಲಿ ವರ್ಷಗಟ್ಟಲೆ ಕೂತೇ ಕಂಡುಕೊಳ್ಳಬೇಕು. ಈ ಕೆಲಸ ಇನ್ನೂ ಅರ್ಧ ಕೂಡ ಆಗಿಲ್ಲ. ಇದನ್ನು ನಡುವೆ ಬಿಟ್ಟು ಹೌಸ್ ಕಡೆ ಹೊರಟ ಪ್ರತಿಭಾವಂತರನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಫಂಕ್ ಮಾತು ಬೇರೆಯೇ. ಅದು ಕೈಗಳಿಂದ ನುಡಿಸುವ ಸಂಗೀತ. ಫಂಕ್ ಗಾಯಕ ಜೇಮ್ಸ್ ಬ್ರೌನ್ ತಂಡದಲ್ಲಿ ಕ್ಲೈಡ್ ಸ್ಟಬಲ್‌ಫೀಲ್ಡ್ ನುಡಿಸಿದ ಡ್ರಮ್ಸ್ ತುಣುಕನ್ನು ಹಿಪ್-ಹಾಪ್ ಜಗತ್ತು ಮತ್ತೆ ಮತ್ತೆ ಸ್ಯಾಂಪಲ್ ಮಾಡಿತು, ಅಂದರೆ ಕತ್ತರಿಸಿ ತನ್ನ ಹಾಡುಗಳಿಗೆ ಬಳಸಿಕೊಂಡಿತು. 2017ರಲ್ಲಿ ತೀರಿಕೊಂಡ ಆತನಿಗೆ ಅದರ ಸಂಭಾವನೆ ಸರಿಯಾಗಿ ಸಿಗಲೇ ಇಲ್ಲ. 1991ರಲ್ಲಿ ಅಮೆರಿಕದ ನ್ಯಾಯಾಲಯವೊಂದು ಒಪ್ಪಿಗೆಯಿಲ್ಲದ ಸ್ಯಾಂಪಲಿಂಗನ್ನು ಕಳ್ಳತನವೆಂದೇ ಕರೆಯಿತು. ಫಂಕ್ ಮಾಡುತ್ತೇನೆ ಎನ್ನುವವರು ಈ ಊರಿನ ಒಬ್ಬ ಬೇಸ್ ವಾದಕ, ಒಬ್ಬ ಡ್ರಮ್ಮರ್‌ಗೆ ದುಡ್ಡು ಕೊಟ್ಟು ಸ್ಟುಡಿಯೊಗೆ ಕರೆಯಲಿ. ಲ್ಯಾಪ್‌ಟಾಪಿನಲ್ಲಿ ರೆಡಿಮೇಡ್ ಲೂಪ್ (ಸುತ್ತಿ ಸುತ್ತಿ ನುಡಿಯುವ ತುಣುಕು) ಎಳೆದಿಟ್ಟು ಮೂರನೆಯ ಶೈಲಿಯೂ ಬಂತು ಎನ್ನುವುದನ್ನು ನಾನು ಒಪ್ಪಲಾರೆ.

ನಾರ್ಮನ್ ಕುಕ್ ಉದಾಹರಣೆ ನನ್ನ ವಾದಕ್ಕೇ ಹೆಚ್ಚು ಹೊಂದುತ್ತದೆ. ಆತ ಫಂಕ್ ನುಡಿಸಿದ್ದು ಫ್ರೀಕ್ ಪವರ್ ತಂಡದಲ್ಲಿ, ಹೌಸ್ ಮಾಡಿದ್ದು ಪಿಜ್ಜಾಮ್ಯಾನ್ ಹೆಸರಲ್ಲಿ. ಒಂದೊಂದಕ್ಕೂ ಪ್ರತ್ಯೇಕ ಹೆಸರು, ಪ್ರತ್ಯೇಕ ಕೇಳುಗರು. ನಮ್ಮವರೂ ಬೇಕಿದ್ದರೆ ಹಾಗೆ ಮಾಡಲಿ, ಆದರೆ ಎರಡನೆಯ ಹೆಸರು ಇಡುವ ಮೊದಲು ಮೊದಲನೆಯ ಹೆಸರಲ್ಲಿ ನಾಲ್ಕಾರು ವರ್ಷ ದುಡಿದಿರಲಿ. ಪಬ್ಬಿನವರಲ್ಲೂ ಒಂದು ಬೇಡಿಕೆ ಇದೆ. ಶನಿವಾರ ಕೊಡದಿದ್ದರೂ ಚಿಂತೆಯಿಲ್ಲ. ಖಾಲಿ ಹೊಡೆಯುವ ಮಂಗಳವಾರದ ರಾತ್ರಿಯನ್ನು ಒಬ್ಬ ಹೊಸ ಡಿಜೆಗೆ, ಒಂದೇ ಬಗೆಯ ಸಂಗೀತಕ್ಕೆ, ಸಂಜೆ ಏಳರಿಂದ ಬಾಗಿಲು ಹಾಕುವವರೆಗೆ, ಒಂದು ವರ್ಷ ಬಿಟ್ಟುಕೊಡಿ.